ಮೇನ್ ಸ್ವಿಚ್ ತೆಗೆದ ಮೇಲೆ ನೆನಪಾಗುವ ವೈಜಯಂತಿ

ಬೆಳಗಿನ ಐದೂವರೆ. ಅಂಕೋಲೆಯ ಕಡಲದಂಡೆಯ ಮೀನುಗಾರರ ಸಂಘದ ಕಚೇರಿಗೆ ಕಂಪ್ಯೂಟರ್ ರಿಪೇರಿಗೆಂದು ಬಂದ ವೈಜಯಂತಿ ಹರಿಕಂತ್ರ ಸ್ಟೀಲ್ ಡಬ್ಬಿಯ ಅಕ್ಕಿಯೊಳಗೆ ಬೆರಳಾಡಿಸಿ ಪೆನ್‌ಡ್ರೈವ್ ಹುಡುಕುತ್ತಿದ್ದಾರೆ. ಮಳೆಗಾಲದ ತೇವ ತಾಗದಿರಲೆಂದು ಅದನ್ನು ಅಕ್ಕಿಯಲ್ಲಿ ಹುದುಗಿಸಿಡುವುದು ಅವರ ರೂಢಿ. ಎದುರಿನ ಕಂಪ್ಯೂಟರ್ ಮಾತ್ರ ಹೊತ್ತಿಕೊಳ್ಳುತ್ತದೆ, ಕಪ್ಪಾಗುತ್ತದೆ, ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ.

ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಮೊದಲ ದಿನವಿದು. ಆಳುಗಳ ಪಟ್ಟಿ ಕೈಗೆ ಬಾರದೆ ಯಾವ ದೋಣಿಯೂ ಹೊರಡುವಂತಿಲ್ಲ. ನಲವತ್ತೆರಡು ದೋಣಿಗಳವರ ಹೆಸರು, ವಯಸ್ಸು, ಫೋನ್ ನಂಬರು ಎಲ್ಲವನ್ನೂ ಕಾರ್ಯದರ್ಶಿ ದೇವಿದಾಸ ಎರಡು ತಿಂಗಳು ಕೂತು ಒಂದೇ ಬೆರಳಿನಲ್ಲಿ ಟೈಪ್ ಮಾಡಿದ್ದಾರೆ. ಅದಿರುವುದು ಈ ಯಂತ್ರದಲ್ಲಿ ಮಾತ್ರ. ದೋಣಿ ನಡೆಸುವ ತಾಂಡೇಲರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ.

ಕೊನೆಗೆ ಮಾಡಿದ್ದೇನು ಎಂದು ವೈಜಯಂತಿ ಕೇಳುತ್ತಾರೆ. ದೇವಿದಾಸ ಗೋಡೆಯ ಮೇನ್ ಸ್ವಿಚ್ಚಿನ ಕಡೆ ಕೈ ತೋರಿಸುತ್ತಾರೆ. ನಿನ್ನೆ ಸಂಜೆ ಪರದೆಯ ಮೇಲೆ ಅಪ್‌ಡೇಟ್ ನಡೆದಿತ್ತಂತೆ, ಆರಿಸಬೇಡಿ ಎಂದೂ ಬರೆದಿತ್ತಂತೆ.

"ಗುಡುಗ್ತಿತ್ತು ತಂಗೀ. ಬೀಗ ಹಾಕುವಾಗ ಮೇನ್ ತೆಗೆದೇ ಹೋಗ್ಬೇಕು ಹೇಳಿ ನಮ್ಗೆ ರೂಢಿ."

ಕರಾವಳಿಯ ಯಾವ ಅಂಗಡಿಗೆ ಹೋದರೂ ಇದೇ ಕತೆ. ಸಿಡಿಲಿಗೆ ಹೆದರಿ ಕಂಪ್ಯೂಟರ್ ಉಳಿಸಲು ಹೋಗಿ ಅದನ್ನೇ ಕೆಡಿಸುತ್ತಾರೆ. ವೈಜಯಂತಿ ಬೈಯುವುದಿಲ್ಲ; ನಾನಾಗಿದ್ದರೆ ಬೈಯುತ್ತಿದ್ದೆ.

"ಮೊದ್ಲು ಪಟ್ಟಿ ಹೊರಗೆ ತೆಗೀತೆ. ಮಷಿನ್ ಹೋದ್ರೆ ಮತ್ತೊಂದು ತರ್ಬಹುದು ದೇವಿದಾಸಣ್ಣ, ನಿಮ್ಮ ಎರಡು ತಿಂಗ್ಳು ಎಲ್ಲಿಂದ ತರೂದು?"

ಸದಾಶಿವಗಡದಲ್ಲಿ ನೆಲೆಸಿರುವ ಈ ಮೂವತ್ತಾರರ ಹೆಣ್ಣುಮಗಳು ಕಾರವಾರದಲ್ಲಿ ಡಿಪ್ಲೊಮಾ ಓದಿದವರು. ಹನ್ನೊಂದು ವರ್ಷಗಳಿಂದ ಸ್ಕೂಟರಿನಲ್ಲೇ ರಿಪೇರಿಗೆ ಹೋಗುತ್ತಾರೆ. ದಿನಕ್ಕೆ ಆರೇಳು ಕರೆ, ಎಂಬತ್ತು ಕಿಲೋಮೀಟರ್ ಓಡಾಟ. ಬಿಣಗಾದ ತಿರುವಿನಲ್ಲಿ ಬಿದ್ದು ಕೈ ಮುರಿದುಕೊಂಡಾಗ ಒಂದೇ ಕೈಯಲ್ಲಿ ಸ್ಕ್ರೂ ಬಿಚ್ಚಿದ್ದೂ ಉಂಟು. ಮೊದಮೊದಲು ಬಾಗಿಲು ತೆರೆದವರು, ರಿಪೇರಿಯವನು ಎಲ್ಲಿ ಎಂದು ಅವರ ಬೆನ್ನ ಹಿಂದೆ ಹುಡುಕುತ್ತಿದ್ದರಂತೆ.

ಪೆನ್‌ಡ್ರೈವ್‌ನಲ್ಲಿ ತಂದ ತಂತ್ರಾಂಶದಿಂದ ಯಂತ್ರ ಎಚ್ಚರಗೊಳ್ಳುತ್ತದೆ. ಪಟ್ಟಿ ಸಿಗುತ್ತದೆ, ಒಂದು ಹೆಸರೂ ಕಳೆದಿಲ್ಲ. ಅದನ್ನು ಎರಡು ಕಡೆ ನಕಲು ಮಾಡಿಟ್ಟು, ಅರ್ಧಕ್ಕೆ ನಿಂತ ಅಪ್‌ಡೇಟ್ ತೆಗೆದುಹಾಕಿದಾಗ ಆರೂಮುಕ್ಕಾಲು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ದೇವಿದಾಸ ಕುರ್ಚಿಯಲ್ಲಿ ಕುಸಿದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಪ್ರಿಂಟರಿನ ಕಿರಿಕಿರಿ ಸದ್ದು ಅಷ್ಟು ಇಂಪಾಗಿ ಕೇಳಿದ್ದು ನನಗಂತೂ ಇದೇ ಮೊದಲು.

ಮೊದಲ ದಿನದ ಮೀನಿನಲ್ಲಿ ಬಲೆ ಕಟ್ಟಿಕೊಟ್ಟವರಿಗೆ ಒಂದು ಪಾಲು ಎತ್ತಿಡುವುದು ಈ ದಂಡೆಯ ಪದ್ಧತಿ. ವೈಜಯಂತಿಯ ತಂದೆ ರಾಮಾ ಇಲ್ಲಿಯೇ ಮೂವತ್ತು ವರ್ಷ ಹರಿದ ಬಲೆ ಕಟ್ಟಿದವರು. ಅವರು ತೀರಿಹೋದ ಮೇಲೆ ಆ ಮನೆಗೆ ಪಾಲು ಬಂದಿಲ್ಲ. ಕಡಲಿಗೆ ಹೊರಡುವ ಮುನ್ನ ಹಿರಿಯ ತಾಂಡೇಲ ಬೀರಾ, ಸಂಜೆ ಬಂದು ಪಾಲು ಒಯ್ಯಬೇಕೆಂದು ವೈಜಯಂತಿಗೆ ಹೇಳಿ ಹೋಗುತ್ತಾರೆ.

ವೈಜಯಂತಿ ಪೆನ್‌ಡ್ರೈವನ್ನು ಅಕ್ಕಿಯೊಳಗೆ ಹುಗಿದು ಡಬ್ಬಿ ಮುಚ್ಚುತ್ತಾರೆ. ಕಣ್ಣು ತೇವವಾಗಿದೆ.

"ನಂಗೆ ಬಲೆ ಕಟ್ಟೂಕೆ ಬರೂದಿಲ್ಲ ಹೇಳಿ ಅಪ್ಪಂಗೆ ಬೇಜಾರಿತ್ತು. ಇವತ್ತು ಅಪ್ಪನ ಪಾಲು ನಾನೇ ತಕ್ಕೊಂಡು ಹೋಗ್ತೆ."