ಕಡ್ಡಿಯ ಅಳತೆ

ಬೀದಿಯವರ ಎದೆ, ಸೊಂಟವನ್ನೆಲ್ಲ ಕಣ್ಣಳತೆಯಲ್ಲೇ ಹೇಳುವ ಟೈಲರ್ ಮಾವನಿಗೆ ಹಿತ್ತಿಲಿನ ಒಂದು ಎಳೆಯ ಕೋಳಿಗೆ ಮಾತ್ರ ಟೇಪು ಬೇಕು. ಉಳಿದ ಕೋಳಿಗಳು ಕುಕ್ಕಿ ಓಡಿಸಿದ್ದರಿಂದ ಮೇವು ಬಿಟ್ಟು ಸೊರಗಿದ ಅದರ ಹೆಸರೇ ಕಡ್ಡಿ. ಬೆಳಗಾದರೆ ಅದನ್ನು ಬೇರೆ ಕೂರಿಸಿ, ಎದೆಗೆ ಟೇಪು ಸುತ್ತಿ, “ಇನ್ನೂ ಲೂಸೇ ಕಣಮ್ಮ” ಎಂದು ನಿಟ್ಟುಸಿರು ಬಿಡುತ್ತಾರೆ. ನೆನೆಸಿದ ನುಚ್ಚಿಗೆ ಬೇಯಿಸಿದ ಮೊಟ್ಟೆ ಹಿಸುಕಿ, ತಾಯಿಕೋಳಿ ಕುಕ್ಕುವ ಹಾಗೆ ಬೆರಳಿನಿಂದ ತಟ್ಟೆ ಕುಟ್ಟುತ್ತಾರೆ. ಗಿರಾಕಿ ಬಂದರೆ, “ಊಟದ ಹೊತ್ತು, ಆಮೇಲೆ ಬನ್ನಿ” ಎನ್ನುತ್ತಾರೆ. ಯಾರ ಊಟವೆಂದು ಬಾಯಿ ಬಿಡುವುದಿಲ್ಲ. ಎದುರಿಗೆ ಯಾರಾದರೂ ತಿಂದರೆ ಮಾತ್ರ ಕಡ್ಡಿಯೂ ತಿನ್ನುತ್ತದೆಂದು ಸೊಸೆ ಹೇಳಿದ್ದಾಳೆ. ಅದಕ್ಕೇ ಮಾವನೂ ತಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಾರೆ: “ನೋಡು, ನಂಗೊಂದು ತುತ್ತು, ನಿಂಗೊಂದು ತುತ್ತು.” ಈವತ್ತು ಕಡ್ಡಿಯ ಎದೆ, ಮಾವ ಟೇಪಿನ ಮೇಲೆ ಹಾಕಿಟ್ಟಿದ್ದ ಸೀಮೆಸುಣ್ಣದ ಗುರುತನ್ನು ದಾಟಿಯೇಬಿಟ್ಟಿತು. ಕುಸ್ತಿ ಗೆದ್ದವರಂತೆ ಮಾವ ಕಡ್ಡಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೂ ಮೆರೆಸಿದರು. ಸೊಸೆ ಮಾತ್ರ ಕೋಳಿಯ ಕಡೆ ನೋಡಲೇ ಇಲ್ಲ. ಅತ್ತೆ ತೀರಿಕೊಂಡ ಮೇಲೆ ಅನ್ನ ಸೇರದೆ ಬಡವಾಗಿದ್ದ ಮಾವ, ತಮ್ಮ ಅಂಗಿಯನ್ನು ತಾವೇ ಒಳಗೆ ಹಿಡಿದು ಹೊಲಿದುಕೊಂಡಿದ್ದರು. ಈಗ ಅದರ ಗುಂಡಿಗಳು ಕಿತ್ತುಬರುವ ಹಾಗಿದ್ದವು. “ಮಾವ, ಆ ಅಂಗಿ ಕೊಡಿ ಇಲ್ಲಿ,” ಎಂದು ಅವಳು ಕತ್ತರಿ ತೆಗೆದುಕೊಂಡಳು, “ಹೊಲಿಗೆ ಬಿಚ್ಚೋ ಕಾಲ ಬಂತು.”