ಅಗರದ ಕಂಚುಗಂಟೆ, ಅಜ್ಜೀಪುರದ ಕಂಚುಗಂಟೆ

ಕೊಳ್ಳೇಗಾಲದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ನಮ್ಮ ಸೀಮೆಯಲ್ಲಿ ಹೆಂಗಸರ ಹೆಸರುಗಳು ಬೆರಳೆಣಿಕೆಯಷ್ಟೇ. ದೇವರ ಹೆಸರು, ದೇವರ ಹೆಂಡತಿಯ ಹೆಸರು, ಅವೆರಡು ಬಿಟ್ಟರೆ ಇನ್ನೊಂದು ಸಿಗುವುದು ಕಷ್ಟ. ಒಂದೇ ಹೆಸರಿನವರು ಒಂದೇ ಬಣ್ಣದ ಬಟ್ಟೆ ಕೊಟ್ಟು ಹೋದರೆ ಯಾರ ತೋಳನ್ನು ಯಾರ ಬ್ಲೌಸಿಗೆ ಕೂರಿಸಲಿ? ಅದಕ್ಕೇ ಟೇಪು ಹಿಡಿಯುವ ಮೊದಲು ನಾನು ಹೆಸರು ಕೇಳುವುದಿಲ್ಲ. "ಯಾರಟ್ಟಿಯೋರು ಕಣವ್ವಾ?" ಎನ್ನುತ್ತೇನೆ. ಹಟ್ಟಿ ಎಂದರೆ ನಮ್ಮಲ್ಲಿ ಮನೆ. ಅವರು ಮನೆತನದ ಹೆಸರು ಹೇಳಿದರೆ ಅದನ್ನೇ ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ನು ಚುಚ್ಚುತ್ತೇನೆ.

ಹೀಗೆ ಕೇಳಿ ಕೇಳಿ ಯಾವ ಮನೆತನ ಯಾವ ಊರಿನಲ್ಲಿದೆ ಎನ್ನುವುದು ನನ್ನ ತಲೆಯಲ್ಲಿ ತಾನಾಗಿ ಕೂತುಬಿಟ್ಟಿದೆ. ದೊಡ್ಡಮನೆಯವರು ಇಲ್ಲದ ಊರಿಲ್ಲ. ಕಟ್ಟೆಮನೆಯವರು ಯಳಂದೂರಿನ ಕಡೆ ಜಾಸ್ತಿ. ಹನೂರು ದಾಟಿದರೆ ದನದ ದೊಡ್ಡಿಗಳ ಹೆಸರು ಇಟ್ಟುಕೊಂಡವರು ಶುರುವಾಗುತ್ತಾರೆ. ಗಂಡನೂರಿನ ಬಗ್ಗೆ ಎಷ್ಟು ಮುಚ್ಚಿಟ್ಟರೂ ಮನೆತನ ಹೇಳಿದ ಕೂಡಲೇ ನನಗೆ ಊರು ಗೊತ್ತಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ ಗಿರಾಕಿಗಳನ್ನು ಬೆಚ್ಚಿಬೀಳಿಸುವುದು ನನಗೆ ಒಂದು ಚಟ.

ನಾನು ಹುಟ್ಟಿದ ಮನೆಯ ಹೆಸರು ಮಾತ್ರ ಇಷ್ಟು ವರ್ಷದಲ್ಲಿ ಯಾವ ಗಿರಾಕಿಯ ಬಾಯಿಂದಲೂ ಬಂದಿರಲಿಲ್ಲ. ನಾವು ಕಂಚುಗಂಟೆಯವರು. ಯಳಂದೂರು ತಾಲ್ಲೂಕಿನ ಅಗರದಲ್ಲಿ ಅಪ್ಪನದೊಂದು ಮನೆ, ಪಕ್ಕದಲ್ಲಿ ಚಿಕ್ಕಪ್ಪಂದಿರ ಮನೆಗಳು, ಅಲ್ಲಿಗೆ ಮುಗಿಯಿತು. ಹಿಂದೆ ನಮಗೆ ದನ ಬಹಳ ಇದ್ದವಂತೆ, ಮುಂದೆ ನಡೆಯುವ ಹಸುವಿನ ಕೊರಳಿಗೆ ಕಂಚಿನ ಗಂಟೆ ಕಟ್ಟುತ್ತಿದ್ದರಂತೆ, ಅದರಿಂದ ಬಂದ ಹೆಸರಂತೆ. ಆ ಗಂಟೆಯನ್ನು ಕಂಡವರು ಯಾರೂ ಇಲ್ಲ. ಆದರೂ ಚಿಕ್ಕವಳಿದ್ದಾಗ ಆ ಹೆಸರು ಹೇಳುವಾಗ ನನ್ನ ಎದೆ ಒಂದು ಬೆರಳು ಉಬ್ಬುತ್ತಿತ್ತು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ದಿನದಿಂದ ನಾನು ದೊಡ್ಡಮನೆಯವಳು. ಬೀದಿಗೆ ಮೂರು ದೊಡ್ಡಮನೆ ಇರುವ ಊರಿದು, ಅದರಲ್ಲಿ ನಮ್ಮದೇ ಎಲ್ಲಕ್ಕಿಂತ ಇಕ್ಕಟ್ಟು.

ಅಣ್ಣನ ಮಗಳು ಕೊಳ್ಳೇಗಾಲದಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ನಾನು ಕಾಜಾ ಹಾಕುತ್ತಿದ್ದ ಬ್ಲೌಸನ್ನು ಕೈಯಿಂದ ಕಿತ್ತಿಟ್ಟು, ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಹನೂರಿನ ಆಚೆ ಅಜ್ಜೀಪುರದವನು. ಜಾತಿ ಒಂದೇ. ಹುಡುಗನನ್ನು ನಾನೂ ಕಂಡಿದ್ದೆ, ಚಿಲ್ಲರೆ ಇಲ್ಲದಿದ್ದರೆ ಮುಖ ಸಿಂಡರಿಸದೆ ಮಾತ್ರೆ ಕೊಡುವ ಅಪರೂಪದ ಪ್ರಾಣಿ. ಖುಷಿಯಾಗಿ ಅಭ್ಯಾಸಬಲದಿಂದ ಕೇಳಿದೆ.

"ಯಾರಟ್ಟಿಯೋರು?"

"ಅದೇ ತೊಂದ್ರೆ ಅತ್ತೆ. ಅವ್ರೂ ಕಂಚುಗಂಟೆಯೋರಂತೆ."

ನಮ್ಮಲ್ಲಿ ಒಂದೇ ಮನೆತನದವರೆಂದರೆ ಅಣ್ಣತಮ್ಮಂದಿರು. ಊರು ಬೇರೆಯಿರಲಿ, ಒಬ್ಬರ ಮುಖ ಒಬ್ಬರು ನೋಡದೇ ಇರಲಿ, ಇವರ ಮಗಳಿಗೆ ಅವರ ಮಗ ಅಣ್ಣನಾಗುತ್ತಾನೆ, ಮದುವೆಯ ಮಾತು ಎತ್ತುವಂತಿಲ್ಲ. ದೊಡ್ಡಮನೆಯವರಾಗಿದ್ದರೆ ಊರಿಗೊಂದು ಇರುವ ಹೆಸರು, ಅವರೇ ಬೇರೆ ನಾವೇ ಬೇರೆ ಎಂದು ಜಾರಿಕೊಳ್ಳಬಹುದಿತ್ತು. ಇಷ್ಟು ಅಪರೂಪದ ಹೆಸರು ಎರಡು ಕಡೆ ಇದೆ ಎಂದರೆ ಬೇರು ಒಂದೇ ಎನ್ನದೆ ಯಾರೂ ಬಿಡುವುದಿಲ್ಲ.

ಅಣ್ಣನೂ ಬಿಡಲಿಲ್ಲ. "ಅಣ್ಣತಂಗೀರ್ಗೆ ತಾಳಿ ಕಟ್ಸದಾ? ಊರೋರು ಉಗುದು ಉಪ್ಪಾಕಲ್ವಾ?" ಎಂದ. ಹುಡುಗಿ ಊಟ ಬಿಟ್ಟಳು, ಅಣ್ಣ ಮಾತು ಬಿಟ್ಟ. ಕೊನೆಗೆ ನಾನು ಅಗರಕ್ಕೆ ಹೋಗಿ ಇಬ್ಬರಿಗೂ ಸರಿಯಾಗಿ ಬೈದ ಮೇಲೆ ಅಣ್ಣ ಒಂದು ಮಾತು ಕೊಟ್ಟ. ಅವರು ನಮ್ಮ ಬಳ್ಳಿಯವರಲ್ಲ ಎಂದು ತೋರಿಸಿದರೆ ಮದುವೆ ಮಾಡುತ್ತೇನೆ. ತೋರಿಸುವುದು ಯಾರು? ಬಾಯಿ ಜಾಸ್ತಿ ಇರುವ ತಂಗಿ.

ಹಾಗಾಗಿ ಒಂದು ದಿನ ಅಂಗಡಿಗೆ ಬೀಗ ಹಾಕಿ ಹನೂರಿನ ಬಸ್ಸು ಹತ್ತಿ ಅಜ್ಜೀಪುರದಲ್ಲಿ ಇಳಿದೆ. ಹುಡುಗನ ತಂದೆ ಅಂಗಳದಲ್ಲಿ ಅರಿಶಿನ ಹರಡುತ್ತಿದ್ದರು. ಅಣ್ಣನ ವಯಸ್ಸಿನವರೇ, ನಿಧಾನದ ಮನುಷ್ಯ. ನಾನು ಅಗರದ ಕಂಚುಗಂಟೆಯವರ ಮಗಳು ಎಂದದ್ದೇ ತಡ, ಕೈಯ ಹಳದಿಯನ್ನೂ ಒರೆಸಿಕೊಳ್ಳದೆ ಎದ್ದು ಬಂದರು.

"ನಮ್ಮ ಎಸ್ರಿನೋರು ಎಲ್ಲೋ ಅವ್ರೆ ಅಂತ ನಮ್ಮಪ್ಪ ಸಾಯಗಂಟ ಯೋಳ್ತಿದ್ದ ಕಣ್ತಂಗಿ. ಇವತ್ತು ಬಾಗ್ಲಿಗೇ ಬಂದ್ಯಲ್ಲ!"

ಹೆಂಡತಿಯನ್ನು ಕರೆದು "ನಮ್ ತಂಗಿ ಬಂದದೆ, ಮುದ್ದೆಗೆ ಎಸರಿಡು" ಎಂದು ಸಡಗರಪಟ್ಟರು. ನಾನು ಮುದ್ದೆ ಮುರಿಯುತ್ತಾ ಬಂದ ವಿಷಯ ಹೇಳಿದೆ. ಮಗನ ಮನಸ್ಸು ಅವರಿಗೆ ಗೊತ್ತಿತ್ತು, ಹುಡುಗಿ ಯಾವ ಮನೆಯವಳು ಎನ್ನುವುದು ಗೊತ್ತಿರಲಿಲ್ಲ. ಕೈಯ ಹಳದಿಯನ್ನು ಟವೆಲಿಗೆ ಒರೆಸಿಕೊಂಡರು. ಆಮೇಲೆ, ತಮ್ಮ ಹಿರಿಯರು ಗೋಪಿನಾಥಂ ಕಡೆಯಿಂದ ಬಂದವರು, ಸೋದರತ್ತೆ ಇನ್ನೂ ಅಲ್ಲೇ ಇದ್ದಾರೆ, ಅವರನ್ನೇ ಕೇಳೋಣ ಎಂದರು. "ಒಂದೇ ಬಳ್ಳಿ ಆದ್ರೆ ನನ್ ಮಗನ್ಗೆ ನಾನೇ ಬುದ್ದಿ ಯೋಳ್ತೀನಿ ತಂಗಿ. ಬ್ಯಾರೆ ಆದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಬೇರೆ ಆದರೆ ಏನು ಎನ್ನುವುದನ್ನು ನಾನೂ ಯೋಚಿಸಿರಲಿಲ್ಲ.

ಗೋಪಿನಾಥಂಗೆ ಬಸ್ಸು ಕಡಿಮೆ. ಮುಂದಿನ ವಾರ ಇಬ್ಬರೂ ಬೆಳಗ್ಗೆಯೇ ಹೊರಟು, ಮಾದಪ್ಪನ ಬೆಟ್ಟದಲ್ಲಿ ಬಸ್ಸು ಬದಲಾಯಿಸಿ, ಕಾಡಿನ ದಾರಿಯಲ್ಲಿ ಕುಲುಕಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ತಂಗಿ, ತಂಗಿ ಎನ್ನುತ್ತಾ ಅಪ್ಪನ ಬಗ್ಗೆ, ಅಗರದ ಮನೆಯ ಬಗ್ಗೆ ಕೇಳಿದರು. ನಾನು ಕಡಲೆಕಾಯಿ ಸುಲಿಯುತ್ತಾ ಎಲ್ಲಕ್ಕೂ ಉತ್ತರ ಹೇಳಿದೆ. ಒಡಹುಟ್ಟಿದ ಅಣ್ಣನೇ ನನ್ನೊಡನೆ ಇಷ್ಟು ಮಾತಾಡಿದವನಲ್ಲ.

ಅತ್ತೆಯವರು ಮನೆಯ ಮುಂದೆ ಮೀನು ಒಣಹಾಕಿ ಕಾಗೆ ಓಡಿಸುತ್ತಾ ಕುಳಿತಿದ್ದರು. ಅರ್ಧ ಕನ್ನಡ ಅರ್ಧ ತಮಿಳು ಆಡುವ ಹಣ್ಣುಮುದುಕಿ. ತಮಿಳಿನವರಂತೆ ದನಕ್ಕೆ ಮಾಡು ಎನ್ನುತ್ತಿದ್ದರು, ಎದುರಿಗಿದ್ದವರನ್ನು ಮುದ್ದಿಗೆ ಕಣ್ಣು ಎನ್ನುತ್ತಿದ್ದರು. ನಾವು ಕೇಳಿದ ಕೂಡಲೇ, ಇದೇನು ದೊಡ್ಡ ವಿಷಯ ಎನ್ನುವ ಹಾಗೆ ಹೇಳಿಬಿಟ್ಟರು.

"ಮಾಡೆಲ್ಲ ಅಗರದೋರ್ದು ಕಣ್ಣು. ಕಾಡ್ನಲ್ಲಿ ದೊಡ್ಡಿ ಆಕಿದ್ರು. ನಮ್ ತಾತ ಕಾಯ್ತಿದ್ದ. ಅಗರದೋರು ಯಾವಾಗ್ಲೋ ಒಂದ್ಸಲ ಬಂದು ಅಸು ಕರ ನೋಡ್ಕಂಡು, ತುಪ್ಪ ತಕಂಡು ಓಗೋರು. ಕಂಚಿನ ಗಂಟೆ ಮುಂದ್ಲ ಅಸೀನ ಕೊಳ್ಳಲ್ಲಿತ್ತು. ಸದ್ದು ಕೇಳುದ್ರೆ ಜನ, ಕಂಚುಗಂಟೆಯೋರು ಬಂದ್ರು ಅನ್ನೋರು. ಬತ್ತಿದ್ದೋರು ನಾವು ತಾನೆ? ಅಂಗೇ ಎಸ್ರು ನಿಂತೋಯ್ತು."

"ಅವ್ರುಗೂ ನಿಮ್ಗೂ ಸಂಬಂಧ ಏನಜ್ಜಿ?" ಎಂದೆ.

"ಅವ್ರು ರಾಗಿ ಕೊಡೋರು, ನಾವು ಮಾಡು ಕಾಯೋರು. ಇನ್ನೇನ್ ಸಂಬಂಧ?"

ನಾನು ತೊಡೆ ತಟ್ಟಿ "ಗೆದ್ವಿ!" ಎಂದು ಕೂಗಿಯೇಬಿಟ್ಟೆ. ಕೂಗಿ ಪಕ್ಕಕ್ಕೆ ತಿರುಗಿದರೆ ಹುಡುಗನ ತಂದೆ ನೆಲ ನೋಡುತ್ತಾ ನಿಂತಿದ್ದರು. ತಮ್ಮ ತಂದೆ ಸಾಯುವವರೆಗೂ ಹೇಳಿಕೊಂಡು ತಿರುಗಿದ ಮನೆತನ ತಮ್ಮದಲ್ಲ ಎಂದು ಆ ಕ್ಷಣದಲ್ಲಿ ಕೇಳಿದ ಮನುಷ್ಯ ಅವರು. ನನಗೆ ನಾಚಿಕೆಯಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ನನಗೇ ಬಿಟ್ಟುಕೊಟ್ಟರು, ಟಿಕೇಟನ್ನೂ ತಾವೇ ತೆಗೆಸಿದರು, ಆದರೆ ತಂಗಿ ಎನ್ನಲಿಲ್ಲ. ಬೇರೆ ಏನೆಂದು ಕರೆಯಬೇಕೋ ಅವರಿಗೆ ತಿಳಿದಿರಲಿಲ್ಲ.

ಅಣ್ಣನಿಗೆ ಹೇಳಿದೆ. ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ಮುಖ ಗಂಟಿಕ್ಕಿಕೊಂಡು, "ಅಂಗಾರೆ ಅವ್ರು ನಮ್ಮಟ್ಟಿ ಆಳ್ ಮಕ್ಕಳಾ?" ಎಂದ.

ನನಗೆ ನೆತ್ತಿಗೇರಿತು. "ಒಂದೇ ಅಂದ್ರೆ ಅಣ್ಣತಂಗಿ, ಬ್ಯಾರೆ ಅಂದ್ರೆ ಆಳು. ನಿನ್ ಮಗಳಿಗೆ ಗಂಡು ಮೇಲಿಂದ ಇಳಿದು ಬರಬೇಕಾ? ಈಗ ನಿನ್ ಕೊಟ್ಗೇಲಿ ಎಷ್ಟು ದನ ಅವೆ, ತೋರ್ಸು ನೋಡಾನ!" ಎಂದೆ. ಅಣ್ಣನ ಕೊಟ್ಟಿಗೆಯಲ್ಲಿ ಆಗ ಇದ್ದದ್ದು ಕೆಟ್ಟು ನಿಂತ ಒಂದು ಮೋಟಾರ್ ಸೈಕಲ್ಲು. ಮಂಚದ ಮೇಲಿದ್ದ ಅಪ್ಪ ಕಿಸಕ್ಕನೆ ನಕ್ಕರು. ಅಪ್ಪನಿಗೆ ಆ ಹೊತ್ತಿಗೆ ಕಣ್ಣು ಮಂಜಾಗಿ, ಮರೆವು ಶುರುವಾಗಿತ್ತು. ಆದರೂ ನಗುವ ಜಾಗ ತಪ್ಪುತ್ತಿರಲಿಲ್ಲ.

ಅಣ್ಣ ಒಪ್ಪಿದ. ಆದರೆ ನಾಳೆ ಯಾರೂ ಬೆರಳು ತೋರಿಸಬಾರದು, ಅವರು ಕಂಚುಗಂಟೆಯವರಲ್ಲ ಎಂದು ಅವರ ಬಾಯಿಂದಲೇ ಕುಲದ ಹಿರಿಯರ ಮುಂದೆ ಬರಬೇಕು ಎಂದು ಪಟ್ಟು ಹಿಡಿದ. ಈ ವಿಷಯದಲ್ಲಿ ನನ್ನ ಬೈಗುಳ ನಡೆಯಲಿಲ್ಲ. ಅವನು ಹೇಳಿದ್ದು ಪದ್ಧತಿಯ ಪ್ರಕಾರ ಸರಿಯಾಗಿಯೇ ಇತ್ತು.

ಎಲೆಅಡಿಕೆ ಬದಲಾಯಿಸುವ ದಿನ ಅಜ್ಜೀಪುರದವರು ಅಗರಕ್ಕೆ ಬಂದರು. ಪಡಸಾಲೆಯ ತುಂಬ ಜನ. ಹುಡುಗನ ತಂದೆ ಎದ್ದು ನಿಂತು, ಅಪ್ಪನ ಮಂಚದ ಕಡೆ ತಿರುಗಿ ಹೇಳಿದರು.

"ನಾವು ಕಂಚುಗಂಟೆಯೋರಲ್ಲ. ನಮ್ಮ ಇರೀಕ್ರು ನಿಮ್ಮ ದನ ಕಾಯ್ತಿದ್ರು. ದನದ ಜೊತೇಲಿ ಎಸ್ರೂ ಬಂತು. ಇವತ್ತಿಂದ ನಾವು ಆ ಎಸ್ರು ಯೋಳದಿಲ್ಲ."

ಗಂಡಸರೆಲ್ಲ ತಲೆದೂಗಿದರು. ತಟ್ಟೆ ಬದಲಾಯಿತು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಳು ಬಂತು. ಅದೇ ಹೆಸರನ್ನು ನಾನೂ ಬಿಟ್ಟವಳು. ಧಾರೆ ಎರೆದ ನೀರಿನ ಜೊತೆ ನನ್ನದು ಹೋಯಿತು, ಬಿಡುತ್ತೀಯಾ ಎಂದು ಯಾರೂ ಕೇಳಲಿಲ್ಲ, ಬಿಟ್ಟೆ ಎಂದು ಯಾರೂ ತಲೆದೂಗಲಿಲ್ಲ. ಹೆಂಗಸರಿಗೆ ಅದು ಒಂದು ಸಂಗತಿಯೇ ಅಲ್ಲ. ಹಾಗಾಗಿಯೇ ಆ ಮನುಷ್ಯ ಏನು ಕೊಟ್ಟರು ಎನ್ನುವುದು ನನಗೆ ಅರ್ಥವಾಯಿತು.

ಮದುವೆ ಚೆನ್ನಾಗಿ ನಡೆಯಿತು. ಬ್ಲೌಸುಗಳೆಲ್ಲ ನನ್ನ ಕೈಯವೇ, ಹಾಗಾಗಿ ಊಟಕ್ಕಿಂತ ನನ್ನ ಕಣ್ಣು ತೋಳುಗಳ ಮೇಲೇ ಇತ್ತು. ಹುಡುಗ ಹುಡುಗಿ ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿದರು.

ಹುಡುಗನ ತಂದೆ, ಈಗ ನಮ್ಮ ಬೀಗರು, ಅಗರಕ್ಕೆ ಬರುವುದನ್ನು ರೂಢಿ ಮಾಡಿಕೊಂಡರು. ಯಳಂದೂರಿನ ಕಡೆ ಏನೋ ಕೆಲಸವಿತ್ತು ಎನ್ನುತ್ತಿದ್ದರು, ಆ ಕೆಲಸ ಏನೆಂದು ಯಾರಿಗೂ ತಿಳಿಯಲಿಲ್ಲ. ಬಂದವರು ಅಪ್ಪನ ಮಂಚದ ಪಕ್ಕ ಕೂತು ದನದ ಮಾತು ಆಡುತ್ತಿದ್ದರು. ಮೈಮೇಲೆ ಯಾವ ಸುಳಿ ಇದ್ದರೆ ಒಳ್ಳೆಯದು, ಯಾವ ಕಾಡಿನ ಮೇವು ಹಾಲಿಗೆ ಒಳ್ಳೆಯದು. ಇಬ್ಬರೂ ದನ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಪ್ಪನಿಗೆ ನನ್ನ ಮುಖವೂ ಮರೆಯುತ್ತಿತ್ತು, ನೀನ್ಯಾರಟ್ಟಿಯೋಳು ಎಂದು ನನ್ನನ್ನೇ ಕೇಳುತ್ತಿದ್ದರು. ಅಂಥವರು ವಾರ ಕಳೆದರೆ "ಅಜ್ಜೀಪುರದೋನು ಬಂದ್ನಾ?" ಎಂದು ವಿಚಾರಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಳೆದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಮಣ್ಣಿಗೆ ಬೀಗರೂ ಬಂದಿದ್ದರು, ದೂರದಲ್ಲಿ ಬೀಗರು ನಿಲ್ಲುವ ಕಡೆ ನಿಂತಿದ್ದು ಹೋದರು.

ತಿಥಿಯ ದಿನ ಬೀಗರು ಅಕ್ಕಿ, ತರಕಾರಿ, ಹೊಸ ಬಟ್ಟೆ ತರುವುದು ವಾಡಿಕೆ. ಅಜ್ಜೀಪುರದಿಂದ ಎಲ್ಲವೂ ಟೆಂಪೋದಲ್ಲಿ ಬಂತು. ಬೀಗರು ತಲೆಗೆ ಟವೆಲು ಸುತ್ತಿಕೊಂಡು ಇಳಿದರು. ಒಳಗೆ ಅಪ್ಪನ ಫೋಟೋದ ಮುಂದೆ ಎಡೆ ಇಟ್ಟಿತ್ತು. ಎಡೆಗೆ ಕೈಮುಗಿಯುವಾಗ ತಲೆಗೆ ಬಟ್ಟೆ ಇರಬಾರದು. ಅವರು ಹೊಸ್ತಿಲಲ್ಲಿ ಸ್ವಲ್ಪ ನಿಂತು, ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

ತಲೆ ನುಣ್ಣಗೆ ಬೋಳಾಗಿತ್ತು. ಮೀಸೆಯೂ ಇರಲಿಲ್ಲ.

ನಮ್ಮಲ್ಲಿ ಹಿರಿಯರು ಸತ್ತರೆ ತಲೆ ಬೋಳಿಸುವುದು ಮಕ್ಕಳು ಮತ್ತು ಅದೇ ಮನೆತನದ ಅಣ್ಣತಮ್ಮಂದಿರು. ಬೀಗರು ಬೋಳಿಸುವುದಿಲ್ಲ. ಅಂದು ಎಲೆಅಡಿಕೆಯ ದಿನ ತಲೆದೂಗಿದ್ದ ಹಿರಿಯರೆಲ್ಲ ಅಲ್ಲೇ ಗೋಡೆಗೊರಗಿ ಕುಳಿತಿದ್ದರು. ಎಲ್ಲರೂ ಕತ್ತು ಎತ್ತಿ ನೋಡಿದರು. ಈ ಮನುಷ್ಯ ನಮ್ಮ ಅಣ್ಣತಮ್ಮನಾದರೆ, ಅಡುಗೆಮನೆಯ ಬಾಗಿಲಲ್ಲಿ ಬಸುರಿಯಾಗಿ ನಿಂತಿದ್ದ ನಮ್ಮ ಹುಡುಗಿ ಅವರ ಮಗನಿಗೆ ಏನಾಗಬೇಕು? ನಾನು ಹೋಗಿ ಅವಳ ಪಕ್ಕ ನಿಂತೆ.

ಅಣ್ಣ ತಂಬಿಗೆ ಹಿಡಿದು ಎಡೆಯ ಮುಂದೆ ನಿಂತಿದ್ದ, ಅವನ ತಲೆಯೂ ಬೋಳು. ಬೀಗರ ತಲೆಯನ್ನೇ ನೋಡಿದ. ಹೆಸರು ಬಿಡಲೇಬೇಕೆಂದು ಹಟ ಹಿಡಿದಿದ್ದವನು ಅವನೇ.

ಆಮೇಲೆ ಹಿರಿಯರಿಗೆಲ್ಲ ಕೇಳುವ ಹಾಗೆ ಜೋರಾಗಿ ಕೇಳಿದ. "ಏನ್ ಬೀಗ್ರೇ, ಮಾದಪ್ಪನ್ ಬೆಟ್ಟುಕ್ಕೋಗಿ ಮುಡಿ ಕೊಟ್ಬಂದ್ರಾ?"

ಬೀಗರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಊ ಕಣ್ ಬೀಗ್ರೇ. ಒಂದು ಅರಕೆ ಇತ್ತು."

ಗೋಡೆಗೊರಗಿದ್ದ ಹಿರಿಯರಲ್ಲಿ ಒಬ್ಬರು, ಈ ಸಲ ಬೆಟ್ಟದಲ್ಲಿ ಬಿಸಿಲು ಹೇಗಿತ್ತು ಎಂದು ವಿಚಾರಿಸಿದರು. ಬಹಳ ಬಿಸಿಲು ಎಂದು ಬೀಗರು ಹೇಳಿದರು. ಅಣ್ಣ ಪಕ್ಕಕ್ಕೆ ಸರಿದು ಜಾಗ ಮಾಡಿ, ಅಪ್ಪನಿಗೆ ನೀರು ಬಿಡಲು ತಂಬಿಗೆಯನ್ನು ಅವರ ಕೈಗೆ ಕೊಟ್ಟ.