ಪೂಜೆಯ ಕಲ್ಲಿನಿಂದ ಒಂದು ಮೀಟರ್ ಒಳಗೆ

ಪಾಂಡವಪುರದ ಅಂಚಿನ ಸೈಟಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೂಟದಿಂದ ಗೂಟಕ್ಕೆ ದಾರ ಎಳೆಯುತ್ತಿದ್ದಾರೆ. ಎಳೆದ ದಾರವನ್ನು ಬೆರಳಿನಿಂದ ಮೀಟಿ, ಬಿಗಿ ನೋಡಿ, ಅದರ ಗುಂಟ ಸುಣ್ಣದ ಪುಡಿ ಉದುರಿಸುತ್ತಾರೆ. ಇನ್ನೂ ಹುಟ್ಟದ ಮನೆಯೊಂದು ನೆಲದ ಮೇಲೆ ಬಿಳಿಯಾಗಿ ಮಲಗುತ್ತದೆ.

ಈಶಾನ್ಯ ಮೂಲೆಯಲ್ಲಿ, ಪಕ್ಕದ ಮನೆಯ ಗೋಡೆಗೆ ಒತ್ತಿಕೊಂಡು, ಅರಿಸಿನ ಕುಂಕುಮ ಹಚ್ಚಿದ ಕಲ್ಲೊಂದಿದೆ. ಜಗಳ ಅದರದ್ದೇ. ಆಷಾಢಕ್ಕೆ ಮುಂಚೆ ಒಳ್ಳೆಯ ಮುಹೂರ್ತವಿದೆಯೆಂದು ಮನೆ ಕಟ್ಟಿಸುತ್ತಿರುವ ನಂಜಪ್ಪ ಗುದ್ದಲಿ ಪೂಜೆ ಮುಗಿಸಿಬಿಟ್ಟರು. ನಕ್ಷೆ ಮಂಜೂರಾದದ್ದು ಆಮೇಲೆ. ಅದರ ಪ್ರಕಾರ ಆ ಬದಿಯಲ್ಲಿ ಒಂದು ಮೀಟರ್ ಜಾಗ ಬಿಡಬೇಕು. ಪೂಜೆಯಾದ ಕಲ್ಲನ್ನು ಮಾತ್ರ ಕದಲಿಸುವಂತಿಲ್ಲ.

“ಅಕ್ಕಾ, ಆ ಕಲ್ಲಿಂದ್ಲೇ ಗೋಡೆ ಎತ್ತು. ಆಗಿದ್ದಾಗ್ಲಿ,” ಎನ್ನುತ್ತಾರೆ ನಂಜಪ್ಪ.

“ಎತ್ತಿದ್ರೆ ಕರೆಂಟ್ ಕೊಡಕಿಲ್ಲ ಕಣಣ್ಣ. ಕಲ್ಲಿಗೆ ದೀಪ ಅಚ್ಚಿ, ನೀನು ಕತ್ಲಲ್ಲಿ ಕೂತ್ಕತೀಯಾ?”

ಹಿಂದೆಲ್ಲ ನಕ್ಷೆ ಕಚೇರಿಗೆ, ಮನೆ ಮನಸ್ಸಿಗೆ ಎಂಬಂತಿತ್ತು. ಈಗ ಕಟ್ಟಿದ್ದು ನಕ್ಷೆಯಂತಿದೆ ಎಂಬ ಪ್ರಮಾಣಪತ್ರವಿಲ್ಲದೆ ಕಾಯಂ ವಿದ್ಯುತ್ ಸಿಗುವುದಿಲ್ಲ. ನಕ್ಷೆ ಬರೆದ ಎಂಜಿನಿಯರ್ ಪ್ರಜ್ಞ ಹಿಂದಿನ ದಿನವೇ ಹೇಳಿ ಹೋಗಿದ್ದಾರೆ: “ಗೋಡೆ ನಕ್ಷೆಯಿಂದ ಆಚೆ ಹೋದ್ರೆ ನಾನು ಸೈನ್ ಹಾಕಲ್ಲ ಮಂಚಮ್ನೋರೇ. ನನ್ನ ಲೈಸೆನ್ಸೇ ಹೋಗುತ್ತೆ.”

ಮಂಚಮ್ಮನಿಗೆ ಕಳೆದುಕೊಳ್ಳಲು ಲೈಸೆನ್ಸಿಲ್ಲ, ಹೆಸರಿದೆ. ಅದೂ ಇನ್ನೂ ಮೊಳಕೆ. ಬಿಂಡಿಗನವಿಲೆಯಿಂದ ಮದುವೆಯಾಗಿ ಬಂದವರು, ಗಂಡ ಹಾಸಿಗೆ ಹಿಡಿದ ಮೇಲೆ ಗಾರೆ ಹೊತ್ತರು. ಕೆ.ಆರ್.ಎಸ್., ಬೆಳಗೊಳ, ನಾಗಮಂಗಲ, ಕೆಲಸ ಕರೆದತ್ತ ಮೊದಲ ಬಸ್ಸು. “ದಾರದ ಆ ತುದಿ ಇಡ್ಕಂಡೇ ಕಲ್ತೆ. ಮೇಸ್ತ್ರಿ ಈ ಕಡೆಯಿಂದ ಬಯ್ಯೋನು, ನಾನು ಆ ಕಡೆ ನಿಂತು ಕಲಿಯೋಳು,” ಎಂದು ನಗುತ್ತಾರೆ. ಮೇಸ್ತ್ರಿಯಾಗಿ ತಾವೇ ಒಪ್ಪಿಕೊಂಡ ಮೊದಲ ಮನೆ ಇದು. ಇದು ಕತ್ತಲಲ್ಲಿ ಉಳಿದರೆ ಎರಡನೆಯದನ್ನು ಹೆಂಗಸಿನ ಕೈಗೆ ಯಾರೂ ಕೊಡುವುದಿಲ್ಲ. ಈ ಸೈಟು ಬಿಟ್ಟು ನಡೆದರೂ ಮತ್ತೆ ಗಾರೆಯ ಬಾಂಡಲಿಯೇ.

“ತಮ್ಮಯ್ಯ ಮೇಸ್ತ್ರಿ ಕಟ್ಕೊಡ್ತೀನಿ ಅಂದವ್ನೆ,” ಎಂದು ನಂಜಪ್ಪ ಕೊನೆಯ ಬಾಣ ಬಿಡುತ್ತಾರೆ.

“ಕಟ್ಟುಸ್ಕೋ. ನಾನು ತೂಕದ ಗುಂಡು, ದಾರ ಎತ್ಕಂಡು ಒಂಟೋಗ್ತೀನಿ. ಆ ಕಲ್ಲಿಂದಂತೂ ಗೋಡೆ ಎತ್ತಕಿಲ್ಲ.”

ಅವರು ನಿಜಕ್ಕೂ ದಾರ ಸುತ್ತತೊಡಗುತ್ತಾರೆ. ಅಷ್ಟು ಹೊತ್ತೂ ಇಟ್ಟಿಗೆಯ ರಾಶಿಯ ಮೇಲೆ ಕೂತು ಎಲೆಯಡಿಕೆ ಅಗಿಯುತ್ತಿದ್ದ ನಂಜಪ್ಪನ ತಾಯಿ ಬೆಟ್ಟಮ್ಮ ಬಾಯಿ ಬಿಡುತ್ತಾರೆ. ಕಲ್ಲಿಗೆ ಹಾಲೆರೆದವರು ಅವರೇ.

“ಗೋಡೆ ಒಳೀಕೆ ಓದ್ರೆ ಕಲ್ಲು ಆಚೆ ಉಳ್ಕತದಲ್ಲವ್ವ. ಮಳೆ ಬಿಸ್ಲಲ್ಲಿ ಬಿದ್ದಿರ್ಬೇಕಾ?”

“ನೀವು ಪೂಜೆ ಮಾಡಿದ್ದು ಭೂಮ್ತಾಯಿಗಲ್ವೇನವ್ವಾ? ಅವಳ್ಯಾವತ್ತು ಸೂರು ಕೇಳವ್ಳೆ? ಕಲ್ಲು ಅಲ್ಲೇ ಇರ್ಲಿ, ಗೋಡೆ ಸರೀಲಿ.”

ಬೆಟ್ಟಮ್ಮ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿಯುತ್ತಾರೆ. ಆಮೇಲೆ ಮಗನ ಕಡೆ ತಿರುಗುತ್ತಾರೆ. “ಸರುಸ್ಲಿ ಬುಡ್ಲಾ. ನಂಗೆ ಕತ್ಲಲ್ಲಿ ಕಣ್ ಕಾಣಕಿಲ್ಲ.”

ನಂಜಪ್ಪ ಸೋತ ದನಿಯಲ್ಲಿ ಗೊಣಗುತ್ತಾರೆ: “ಅಷ್ಟು ಜಾಗ ಬುಟ್ಟು ಅಲ್ಲಿ ನಾನೇನು ಬೆಳೀಲಿ?”

“ಗಾಳಿ ಬೆಳಿ ಕಣಣ್ಣ. ನೀರು ಗೊಬ್ರ ಏನೂ ಕೇಳಕಿಲ್ಲ.”

ದಾರ ಮತ್ತೆ ಬಿಚ್ಚಿಕೊಳ್ಳುತ್ತದೆ. ಟೇಪಿನ ಒಂದು ತುದಿಯನ್ನು ಮಂಚಮ್ಮ ನಂಜಪ್ಪನ ಕೈಗೇ ಕೊಡುತ್ತಾರೆ, ಪಕ್ಕದ ಗೋಡೆಗೆ ಒತ್ತಿ ಹಿಡಿಯುವಂತೆ. ಹೊಸ ಗೂಟ ನೆಲಕ್ಕಿಳಿಯುತ್ತದೆ. ಕುಂಕುಮದ ಕಲ್ಲು ಸುಣ್ಣದ ಗೆರೆಯ ಆಚೆ, ಆಕಾಶದ ಕೆಳಗೆ, ಇದ್ದಲ್ಲೇ ಇದೆ.

ಗೃಹಪ್ರವೇಶಕ್ಕೆ ಒಳ್ಳೆಯ ಸೀರೆಯನ್ನೇ ಉಡಿಸುತ್ತೇವೆ ಎನ್ನುತ್ತಾರೆ ಬೆಟ್ಟಮ್ಮ. ಮಂಚಮ್ಮ ಬೇಡವೆನ್ನುವುದಿಲ್ಲ. ಸುಣ್ಣದ ಕೈ ಕೊಡವಿಕೊಂಡು ಇನ್ನೊಂದು ಕೇಳುತ್ತಾರೆ.

“ಇಷ್ಟು ವರ್ಸ ಗಾರೆ ಒತ್ತು ಬುಟ್ಬಂದ ಮನೆಗಳೆಲ್ಲ ಕತ್ಲಾಗೇ ಇದ್ವು ಕಣವ್ವ. ಲೈಟ್ ಆಕೋ ಒತ್ಗೆ ನಾವು ಬ್ಯಾರೆ ಊರಲ್ಲಿರ್ತಿದ್ವಿ. ಈ ಮನೆಗೆ ಕರೆಂಟ್ ಬಂದ ದಿನ ಒಂದು ಮಾತು ಯೋಳ್ ಕಳ್ಸಿ. ಮೊದ್ಲ ಸ್ವಿಚ್ಚು ನಾನು ಒತ್ತಬೇಕು.”